ಸೌಟು ಹಿಡಿದ ಗಂಡ

ಮಾಗಳದ ನಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಟ್ರಂಕು. ಅದರಲ್ಲಿ ಹಳೆಯ ದೀಪಾವಳಿ ವಿಶೇಷಾಂಕಗಳ ಕಟ್ಟು. ಹೊಳೆದಂಡೆಯ ಊರು, ಮಳೆಗಾಲದಲ್ಲಿ ಎಲ್ಲಕ್ಕೂ ತೇವ ಹಿಡಿಯುತ್ತದೆಂದು ಹೋದ ಬೇಸಿಗೆ ಅವನ್ನು ಬಿಸಿಲಿಗೆ ಹರವಿದೆ. ಕಥೆಗಳ ಕೊನೆಯ ಪುಟಗಳನ್ನೆಲ್ಲ ಇಲಿ ತಿಂದಿದ್ದವು. ವ್ಯಂಗ್ಯಚಿತ್ರಗಳು ಮಾತ್ರ ಹೇಗೋ ಉಳಿದಿದ್ದವು. ಒಲೆಯ ಮೇಲಿನ ಸಾರು ಮರೆತು ಅವನ್ನೇ ನೋಡುತ್ತ ಕೂತೆ.

ಒಂದು ಚಿತ್ರವಂತೂ ಮತ್ತೆ ಮತ್ತೆ ಎದುರಾಗುತ್ತದೆ. ಪತ್ರಿಕೆ ಬೇರೆ, ಬರೆದ ಕೈ ಬೇರೆ, ಚಿತ್ರ ಅದೇ. ಓದಿದ ಹೆಂಡತಿ ಆಫೀಸಿಗೆ ಹೊರಟಿದ್ದಾಳೆ. ತೋಳಿಲ್ಲದ ರವಿಕೆ, ಕಪ್ಪು ಕನ್ನಡಕ, ಎತ್ತರದ ಹಿಮ್ಮಡಿಯ ಚಪ್ಪಲಿ, ಹೆಗಲಿಗೆ ವ್ಯಾನಿಟಿ ಬ್ಯಾಗು. ಬಾಗಿಲಲ್ಲಿ ಗಂಡ: ಸೊಂಟಕ್ಕೆ ಟವೆಲು, ಕಂಕುಳಲ್ಲಿ ಅಳುವ ಕೂಸು, ಕೈಯಲ್ಲಿ ಸೌಟು. ನೀವೂ ನೋಡಿರುತ್ತೀರಿ. ನೋಡಿ ನಕ್ಕೂ ಇರುತ್ತೀರಿ. ನಾನೂ ನಕ್ಕವಳೇ.

ಈ ಸಲ ಒಂದು ಕೆಲಸ ಮಾಡಿದೆ. ಹೆಬ್ಬೆರಳಿನಿಂದ ಹೆಂಡತಿಯನ್ನು ಮುಚ್ಚಿದೆ. ಚಿತ್ರಕ್ಕೆ ಇನ್ನೂ ನಗು ಬರುತ್ತದೆ. ಆಮೇಲೆ ಗಂಡನನ್ನು ಮುಚ್ಚಿದೆ. ಒಬ್ಬ ಹೆಂಗಸು ಕೆಲಸಕ್ಕೆ ಹೋಗುತ್ತಿದ್ದಾಳೆ, ಅಷ್ಟೇ. ನಗುವುದಕ್ಕೆ ಅಲ್ಲಿ ಏನೂ ಇಲ್ಲ. ಓದಿದ ಹೆಣ್ಣನ್ನು ಗೇಲಿ ಮಾಡುವ ಚಿತ್ರವೆಂದು ಇಷ್ಟು ದಿನ ತಿಳಿದಿದ್ದೆ. ನಗೆಯೆಲ್ಲ ಇರುವುದು ಆ ಸೌಟಿನಲ್ಲಿ. ಗಂಡಸಿನ ಕೈಗೆ ಬಂದರೆ ಸೌಟು ಹಾಸ್ಯ. ಅದೇ ಸೌಟನ್ನು ಕೆಳಗಿಟ್ಟು ಬಸ್ಸಿಗೆ ಓಡುವ ಹೆಂಗಸು ಇವರ ಕಣ್ಣಿಗೆ ಚಿತ್ರವಾಗಿ ಕಂಡೇ ಇಲ್ಲ. ಬ್ಯಾಗು, ಸೌಟು ಎರಡೂ ಒಬ್ಬಳ ಕೈಯಲ್ಲೇ ಇರುವ ಒಂದು ಚಿತ್ರಕ್ಕಾಗಿ ಇಡೀ ಕಟ್ಟನ್ನು ಹುಡುಕಿದೆ. ಸಿಗಲಿಲ್ಲ.

ಇದು ನಮ್ಮ ಕನ್ನಡದವರೇ ಕಂಡುಹಿಡಿದ ನಗೆಯೇನಲ್ಲ. ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯಲ್ಲಿ, ಕಾಳೀಘಾಟಿನ ಪಟಚಿತ್ರಗಾರರು ಗಂಡನಿಗೆ ಪೊರಕೆ ಎತ್ತಿದ ಹೆಂಡತಿಯನ್ನೂ, ಗಂಡಸಿನ ತಲೆಯ ಕುರಿಯನ್ನು ಹಗ್ಗ ಕಟ್ಟಿ ನಡೆಸುವ ಹೆಣ್ಣನ್ನೂ ಬರೆದು ಮಾರುತ್ತಿದ್ದರು. ಲಂಡನ್ನಿನ 'ಪಂಚ್' ಪತ್ರಿಕೆ 1890ರ ದಶಕದಲ್ಲಿ ಸೈಕಲ್ ಏರಿದ, ಸಿಗರೇಟು ಸೇದುವ 'ಹೊಸ ಹೆಣ್ಣ'ನ್ನು ಹಿಡಿದುಕೊಂಡು ನಕ್ಕಿತು. ಹೆಣ್ಣು ಅಕ್ಷರ ಕಲಿತಳೆಂದರೆ ಗಂಡು ಕುರಿಯಾಗುತ್ತಾನೆ ಎಂಬ ಈ ಅಂಜಿಕೆ ಎಲ್ಲ ಊರಿನದೂ ಹೌದು.

ಟೈಪಿಸ್ಟಳ ಚಿತ್ರಗಳದು ಇನ್ನೊಂದು ಜಾತಿ. ಮಾರಿಯೋ ಮಿರಾಂಡಾ ಅವರ ಮಿಸ್ ಫೊನ್ಸೆಕಾ ನೆನಪಿದ್ದಾಳೆಯೇ? ಬಿಗಿ ಉಡುಪಿನ ಆಫೀಸು ಸೆಕ್ರೆಟರಿ. ಮಾರಿಯೋ ಅವರ ಗೆರೆ ಬಲು ಚೆಂದ, ಅದರಲ್ಲಿ ಮೇಜು ಕುರ್ಚಿಗಳಿಗೂ ಜೀವವಿದೆ. ಆದರೆ ಮಿಸ್ ಫೊನ್ಸೆಕಾ ಕೂತದ್ದು ನೋಡಿಸಿಕೊಳ್ಳಲಿಕ್ಕೆ. ನಮ್ಮ ಹಡಗಲಿ, ಹರಪನಹಳ್ಳಿಗಳಲ್ಲಿ ಜೂನಿಯರ್, ಸೀನಿಯರ್ ಟೈಪಿಂಗ್ ಪರೀಕ್ಷೆಗೆ ಕೂತ ಹುಡುಗಿಯರ ಬೆರಳ ತುದಿಯ ನೋವು ಆ ಗೆರೆಯವರೆಗೆ ಹೋಗಲೇ ಇಲ್ಲ.

ಹಾಗೆಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ರಾ.ಶಿ. ಎಂದೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ 'ಕೊರವಂಜಿ' ತೆಗೆದರು. ಅದು 1967ರವರೆಗೆ ನಡೆಯಿತು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ಚಿತ್ರ ಬರೆದದ್ದು ಅದರಲ್ಲೇ. ಮುಂದೆ ಅವರ 'ಶ್ರೀಸಾಮಾನ್ಯ' ಬಾಯಿ ಬಿಡಲಿಲ್ಲ, ಮಾತೆಲ್ಲ ಅವನ ಹೆಂಡತಿಯದು. ಅದೇ 'ಕೊರವಂಜಿ'ಯಲ್ಲಿ ಟಿ. ಸುನಂದಮ್ಮ ಬರೆದರು. ಅತ್ತೆ, ಸೊಸೆ, ಗಂಡ, ಅಡುಗೆಮನೆ ಎಲ್ಲವನ್ನೂ ಅವರು ನಕ್ಕರು, ಮನೆಯೊಳಗೆ ನಿಂತು ನಕ್ಕರು. ಸೀದ ಪಲ್ಯ ಯಾಕೆ ಸೀಯಿತು ಎಂಬುದು ಗೊತ್ತಿದ್ದವರ ನಗೆ ಅದು. ವ್ಯಂಗ್ಯಚಿತ್ರಗಾರ ಹೊರಬಾಗಿಲಲ್ಲಿ ನಿಂತು ಕಂಡಷ್ಟನ್ನೇ ಬರೆದ. ಬೆಂಗಳೂರಿನ ಮಾಯಾ ಕಾಮತ್ (1951-2001) ಇಂಗ್ಲಿಷ್ ಪತ್ರಿಕೆಗಳಿಗೆ ರಾಜಕೀಯ ವ್ಯಂಗ್ಯಚಿತ್ರ ಬರೆಯುವ ಹೊತ್ತಿಗೆ ನನ್ನ ಟ್ರಂಕಿನ ಸಂಚಿಕೆಗಳು ಆಗಲೇ ಹಳತಾಗಿದ್ದವು. ಅಷ್ಟು ವರ್ಷ ಕುಂಚ ಗಂಡಸರ ಕೈಯಲ್ಲೇ ಇತ್ತು.

ನಕ್ಕು ಮರೆತರೆ ಮುಗಿಯಿತಲ್ಲ ಎನ್ನಬಹುದು. ನಾನು ಟೀಚರಾಗಿದ್ದ ಒಂದು ಶಾಲೆಯ ಸ್ಟಾಫ್ ರೂಮಿನ ಗೋಡೆಗೆ ಯಾರೋ ಒಂದು ಚಿತ್ರ ಕತ್ತರಿಸಿ ಅಂಟಿಸಿದ್ದರು. ಹುಡುಗರು ಬೆಂಚಿನ ಮೇಲೆ ಕುಣಿಯುತ್ತಿದ್ದಾರೆ, ಟೀಚರಮ್ಮ ಸ್ವೆಟರ್ ಹೆಣೆಯುತ್ತಿದ್ದಾಳೆ. (ನಮ್ಮ ಸೀಮೆಯ ಬಿಸಿಲಿಗೆ ಸ್ವೆಟರ್ ಯಾರಿಗೆ ಬೇಕಿತ್ತೋ, ದೇವರೇ ಬಲ್ಲ.) ಅಂಟಿಸಿದ ದಿನ ಎಲ್ಲರಿಗಿಂತ ಮೊದಲು ನಕ್ಕವಳು ನಾನು. ತಿಂಗಳು ಕಳೆದಿರಲಿಲ್ಲ, ಮಗನಿಗೆ ಜ್ವರ ಬಂತು. ಅರ್ಧ ದಿನದ ರಜೆ ಕೇಳಲು ಹೋದೆ. ಹಿರಿಯರೊಬ್ಬರು ಚೀಟಿ ಓದಲಿಲ್ಲ. ಗೋಡೆಯ ಕಡೆ ಬೆರಳು ತೋರಿಸಿ, "ಅದಕ್ಕೇ ನೋಡ್ರಿ ಟೀಚರೇ, ಅವ ಚಿತ್ರಾ ಬರ್ದಿದ್ದು" ಅಂದರು. ಸುತ್ತ ಇದ್ದವರು ನಕ್ಕರು. ಆವತ್ತು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು, ಕೂಸಿನ ಹಣೆಗೆ ಒದ್ದೆ ಬಟ್ಟೆ ಹಾಕಿ, ಮೊದಲ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದೆ. ಹೇಳಬೇಕೆನಿಸಿತು, ಹೇಳಲಿಲ್ಲ. ಸಂಜೆಯವರೆಗೂ ಪಾಠ ಮಾಡಿದೆ. ಆ ಚಿತ್ರವನ್ನು ಕಿತ್ತು ಹಾಕುವ ಧೈರ್ಯವೂ ಬರಲಿಲ್ಲ. ಮೊದಲು ನಕ್ಕವಳು ನಾನೇ ತಾನೆ?

ಪುಟಗಳನ್ನು ಮತ್ತೆ ಕಟ್ಟುತ್ತಿದ್ದಾಗ ತಂಗಿಯ ಮಗಳು ಬಂದಳು. ನರ್ಸು, ರಾತ್ರಿ ಪಾಳಿ ಮುಗಿಸಿ ಬಂದವಳು. ಸೌಟಿನ ಗಂಡನ ಚಿತ್ರವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ನಗುತ್ತಾಳೆಂದು ಕಾದೆ.

"ದೊಡ್ಡವ್ವ, ಇಷ್ಟು ಚಲೋ ಗಂಡನ್ನ ಯಾಕ ಹಿಂಗ ಅಳುಮೋರಿ ಮಾಡಿ ಬರ್ದಾರ?" ಎಂದು ಕೇಳಿದಳು.