ಗಾಡಿಯ ಅಡಿಮೈ

ಜಾವಾ, ಯೆಜ್ಡಿ ಬೈಕುಗಳ ಟ್ಯಾಂಕು ಥಳಥಳಿಸುವಂತೆ ಮಾಡುವವರು ಬೇಕಾದಷ್ಟು ಮಂದಿ. ನನ್ನ ಮೆಚ್ಚುಗೆ ಅವುಗಳ ಅಡಿಮೈಯನ್ನೂ ಕಾರ್ಖಾನೆಯಿಂದ ಹೊರಬಂದಂತೆಯೇ ಮರಳಿ ತರುವ ಕೈಗಳಿಗೆ. ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ಓಡಾಡುವ ಹಳೆಯ ಯೆಜ್ಡಿ ಹುಟ್ಟಿದ್ದು ಇದೇ ಊರಿನ ಯಾದವಗಿರಿಯಲ್ಲಿ. ಐಡಿಯಲ್ ಜಾವಾ ಕಂಪನಿ ಅಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ಗಾಡಿ ಕಟ್ಟಿತು. ಮಡ್‌ಗಾರ್ಡಿನ ಒಳಮೈ, ಚಾಸಿಯ ಬೆಸುಗೆ, ಅಚ್ಚೊತ್ತಿದ ಸಂಖ್ಯೆ: ಆ ಕೆಲಸದ ಗುರುತು ಹೆಚ್ಚಾಗಿ ಉಳಿಯುವುದು ಇಲ್ಲೇ, ಏಕೆಂದರೆ ಅಲಂಕಾರದ ಕೈ ಇಲ್ಲಿಗೆ ಬರುವುದು ಕಡಿಮೆ. ದಪ್ಪ ಕಪ್ಪು ಲೇಪ ಬಳಿದರೆ ತುಕ್ಕು ಹಿಡಿಯದು ಎನ್ನುವವರಿದ್ದಾರೆ. ಆದರೆ ಆ ಲೇಪ ಬಿರುಕುಬಿಟ್ಟರೆ ನೀರು ಒಳಗೇ ನಿಂತು, ತುಕ್ಕು ಕಣ್ಣಿಗೆ ಬೀಳದೆ ಬೆಳೆಯುತ್ತದೆ. ಮೂಲ ಬಣ್ಣದ ಮೇಲೆ ತೆಳುವಾದ ಮೇಣದ ಪದರ ಸಾಕು, ಬೇಕೆಂದಾಗ ತೆಗೆಯಬಹುದು. ಯಾರೂ ನೋಡದ ಜಾಗಕ್ಕೆ ಇಷ್ಟೇಕೆ ಎಂಬ ಆಕ್ಷೇಪ ಇನ್ನೂ ದುರ್ಬಲ. ಮೆಕ್ಯಾನಿಕ್ ನೋಡುತ್ತಾನಲ್ಲ! ಹಾಗೆಂದು ಕಾರ್ಖಾನೆಗಿಂತ ನುಣುಪಾಗಿಸುವುದೂ ಸುಳ್ಳೇ. ಬೆಸುಗೆಯ ಉಬ್ಬನ್ನು ಉಜ್ಜಿ ಸಮ ಮಾಡಿದರೆ, ಯಾದವಗಿರಿಯ ಬೆಸುಗೆಗಾರ ಹೇಗೆ ಕೆಲಸ ಮಾಡಿದ್ದ ಎಂದು ತಿಳಿಯಲು ಆ ಗಾಡಿಯಲ್ಲಿ ಏನೂ ಉಳಿಯದು.