ರಣವಾದ್ಯವೂ ಕರುಣರಸವೂ

ರಣವೆಂದರೆ ಭೇರಿ ಮೊಳಗಬೇಕೆಂಬುದು ಕವಿಸಮಯದಷ್ಟು ಹಳೆಯ ನಿಯಮ. ಜಪಾನಿನ ಪಾತ್ರಧಾರಣೆಯ ವಿಡಿಯೋ ಆಟಗಳೂ ಅದನ್ನು ಮೀರಿದವುಗಳಲ್ಲ. ೧೯೯೭ರಲ್ಲಿ ಹೊರಬಂದ ‘ಫೈನಲ್ ಫ್ಯಾಂಟಸಿ ೭’ರಲ್ಲಿ ಆಡುವವನು ಬಯಲಿನಲ್ಲಿ ನಡೆಯುತ್ತಿರಲು ಬಯಲಿನ ರಾಗವು ಥಟ್ಟನೆ ಕಡಿದುಹೋಗಿ ಕಾಳಗದ ರಾಗವು ಹೊಡೆದೇಳುತ್ತದೆ; ಕಣ್ಣು ಶತ್ರುಗಳನ್ನೆಣಿಸುವ ಮೊದಲೇ ಕಿವಿಯು ಎಚ್ಚೆತ್ತಿರುತ್ತದೆ. ಆಲಂಕಾರಿಕರ ಮಾತಿನಲ್ಲಿ ಇದು ಉದ್ದೀಪನವಿಭಾವ. ಆದರೆ ಅದೇ ರಾಗವನ್ನು ನೂರಾರು ಸಲ ಕೇಳಿದವನಲ್ಲಿ ಉತ್ಸಾಹವು ಉಳಿದೀತೆ? ಕಡೆಗೆ ಅದು ಪಾಠಶಾಲೆಯ ಗಂಟೆಯಂತಾಗುವುದುಂಟು.

ಸಂಗೀತಕಾರ ನೊಬುಓ ಉಎಮಾತ್ಸು ಅವರ ಪ್ರತಿಭೆಯು ಬೆಳಗುವುದು ಈ ನಿಯಮವು ಮುರಿದೆಡೆಯಲ್ಲಿ. ಹೂ ಮಾರುವ ತರುಣಿ ಏರಿತ್ ಸೆಫಿರಾತನ ಖಡ್ಗಕ್ಕೆ ಬಲಿಯಾದೊಡನೆಯೇ ಜೆನೋವಾ ಎಂಬ ಘೋರಸತ್ತ್ವದೊಡನೆ ಹೋರಾಟವೊದಗುತ್ತದೆ. ಅಲ್ಲಿ ರಣವಾದ್ಯವಿಲ್ಲ. ಆಕೆಯ ಮರಣದಲ್ಲಿ ತೊಡಗಿದ ಮೆಲುರಾಗವೇ ಕಾಳಗದಲ್ಲಿಯೂ ಮುಂದುವರಿಯುತ್ತದೆ. ಆಡುವವನ ಕೈ ಆಯುಧವನ್ನು ಬೀಸಬೇಕು. ಮನಸ್ಸೋ ಶವದ ಬಳಿಯಲ್ಲೇ ನಿಂತಿದೆ.

ಯುದ್ಧದ ನಡುವೆ ಶೋಕಗೀತವೆ, ಇದು ಅನೌಚಿತ್ಯವಲ್ಲವೆ ಎಂದು ಶಾಸ್ತ್ರಜ್ಞರು ಆಕ್ಷೇಪಿಸಬಹುದು. ‘ಸಾಹಿತ್ಯದರ್ಪಣ’ದಲ್ಲಿ ವಿಶ್ವನಾಥನು ವೀರಕ್ಕೆ ವಿರೋಧಿಗಳೆಂದು ಹೇಳಿರುವುದು ಭಯಾನಕ, ಶಾಂತಗಳನ್ನು, ಕರುಣವನ್ನಲ್ಲ. ಹಾಗಿರುವಲ್ಲಿ ಈ ಆಕ್ಷೇಪಕ್ಕೆ ಶಾಸ್ತ್ರದ ಬಲವಿಲ್ಲ. ಇನ್ನು ಅನುಭವದ ಮಾತು: ವಾಡಿಕೆಯ ಭೇರಿಯೇ ಅಲ್ಲಿ ಮೊಳಗಿದ್ದರೆ, ಆ ತರುಣಿಯ ಸಾವು ಮತ್ತೊಂದು ಕಾಳಗಕ್ಕೆ ನೆಪವಾಗಿ, ಗೆದ್ದ ಮರುಗಳಿಗೆಯಲ್ಲಿ ಮರೆತೂಹೋಗುತ್ತಿತ್ತು.