ಮುಂಬಯಿಯನ್ನು ಪ್ರೀತಿಸಿದ ವಾಸ್ತುಶಿಲ್ಪಿ

ಮಹಾಕಾವ್ಯದಲ್ಲಿ ಅಷ್ಟಾದಶ ವರ್ಣನೆಗಳಿರಬೇಕೆಂಬುದು ನಮ್ಮ ಲಾಕ್ಷಣಿಕರು ಹಾಕಿಕೊಟ್ಟ ನಿಯಮ. ಆ ಹದಿನೆಂಟರಲ್ಲಿ ಪುರವರ್ಣನೆಯೂ ಒಂದು. ಕೋಟೆ ಕೊತ್ತಲ, ಉಪ್ಪರಿಗೆ, ಉದ್ಯಾನ, ಅಂಗಡಿ ಬೀದಿ ಎಲ್ಲವೂ ಅಲ್ಲಿ ಕುಂದಿಲ್ಲದೆ ಹೊಳೆಯುತ್ತವೆ. ನೀರಿಗಾಗಿ ಸಾಲುಗಟ್ಟಿ ನಿಂತವರಾಗಲಿ, ಇರುಳು ತಲೆಯೂರಲು ಜಾಗವಿಲ್ಲದವರಾಗಲಿ ಕವಿಯ ಕಣ್ಣಿಗೆ ಬೀಳುವುದಿಲ್ಲ. ಇಂದಿನ ನಗರವಾಸಿಗಳಾದ ನಾವು ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ರೂಢಿಯನ್ನು ಬೆಳೆಸಿಕೊಂಡಿದ್ದೇವೆ. ನಾಲ್ವರು ಸೇರಿದರೆ ಸಾಕು, ಊರು ಕೆಟ್ಟಿತೆಂಬ ಮಾತು. ಮರಗಳಿದ್ದುವು, ಕೆರೆಗಳಿದ್ದುವು, ಸಂಜೆಯ ತಂಗಾಳಿಯಿತ್ತು ಎಂಬ ಹಳಹಳಿಕೆ. ಸ್ತುತಿಯೂ ಹಳಹಳಿಕೆಯೂ ಪ್ರೀತಿಯಿಂದ ಹುಟ್ಟಿದ ಮಾತುಗಳೇ ಇರಬಹುದು. ಆದರೆ ನಾಳೆ ಬೆಳಿಗ್ಗೆ ರೈಲಿನಿಂದ ಗಂಟು ಹೊತ್ತು ಇಳಿಯುವ ಮನುಷ್ಯನಿಗೆ ಈ ಊರಿನಲ್ಲಿ ಜಾಗವೆಲ್ಲಿ ಎಂಬ ಪ್ರಶ್ನೆಗೆ ಎರಡರಲ್ಲಿಯೂ ಉತ್ತರ ದೊರೆಯದು.

ಈ ಪ್ರಶ್ನೆಯನ್ನೇ ಹಿಡಿದು ಹೊರಟ ಪುಸ್ತಕ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ ಅವರ ‘ದಿ ನ್ಯೂ ಲ್ಯಾಂಡ್‌ಸ್ಕೇಪ್’. 1985ರಲ್ಲಿ ಮುಂಬಯಿಯಲ್ಲಿ ಪ್ರಕಟವಾದ ಈ ತೆಳ್ಳನೆಯ ಇಂಗ್ಲಿಷ್ ಗ್ರಂಥವು ನಗರ ಯೋಜನೆಯನ್ನು ಕುರಿತದ್ದು. ಅಂಥದಕ್ಕೆ ಸಾಹಿತ್ಯದ ಪುಟದಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ನಗರವನ್ನು ಕುರಿತು ಹೇಗೆ ಮಾತನಾಡಬೇಕು ಎಂಬುದೂ ಸಾಹಿತ್ಯದ ಪ್ರಶ್ನೆಯೇ ಎಂಬುದು ನಮ್ಮ ಉತ್ತರ. ಸ್ತುತಿಗೂ ದೂರಿಗೂ ಹೊರತಾದ ಮೂರನೆಯ ಒಂದು ಮಾತಿನ ಬಗೆಯನ್ನು, ಅಂದರೆ ಪ್ರೀತಿಯನ್ನು ಲೆಕ್ಕವಾಗಿ ಬರೆದು ತೋರಿಸುವ ಬಗೆಯನ್ನು, ಈ ಗ್ರಂಥದಲ್ಲಿ ನಾವು ಕಾಣಬಹುದು.

ಕೊರಿಯ ಅವರು ಹುಟ್ಟಿದ್ದು 1930ರಲ್ಲಿ, ಸಿಕಂದರಾಬಾದಿನಲ್ಲಿ, ಮನೆತನ ಗೋವೆಯದು. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಮತ್ತು ಮಸಾಚುಸೆಟ್ಸ್ ತಂತ್ರಶಾಸ್ತ್ರ ಸಂಸ್ಥೆಗಳಲ್ಲಿ ಕಲಿತು ಮರಳಿ, 1958ರಲ್ಲಿ ಮುಂಬಯಿಯಲ್ಲಿಯೇ ತಮ್ಮ ಕಚೇರಿಯನ್ನು ತೆರೆದರು. ಸಬರಮತಿಯ ಗಾಂಧೀ ಸ್ಮಾರಕ ಸಂಗ್ರಹಾಲಯದಿಂದ ಅವರ ಹೆಸರು ದೇಶದಲ್ಲೆಲ್ಲ ಹರಡಿತು. 2015ರ ಜೂನ್ ತಿಂಗಳಿನಲ್ಲಿ ಅವರು ತೀರಿಕೊಂಡದ್ದೂ ಮುಂಬಯಿಯಲ್ಲಿಯೇ. ಹುಟ್ಟಿದ ಊರಲ್ಲದಿದ್ದರೂ ಅದು ಅವರು ತಮ್ಮದೆಂದು ವರಿಸಿದ ಊರು. ತನ್ನ ಊರೆಂದಮೇಲೆ ಅದರ ನಾಳೆಗೆ ತಾನು ಹೊಣೆಯೆಂಬ ಭಾವ ಈ ಕೃತಿಯ ಪುಟಪುಟದಲ್ಲಿಯೂ ಉಂಟು.

ಮುಂಬಯಿಯ ಸಂಕಟದ ಮೂಲ ಅದರ ಆಕಾರದಲ್ಲಿದೆ. ದಕ್ಷಿಣೋತ್ತರವಾಗಿ ಚಾಚಿಕೊಂಡ ಸಪೂರವಾದ ನೆಲದಲ್ಲಿ ಕಚೇರಿಗಳೆಲ್ಲ ದಕ್ಷಿಣದ ತುದಿಯಲ್ಲಿ; ದುಡಿಯುವವರ ಮನೆಗಳು ಉತ್ತರಕ್ಕೆ, ವರ್ಷವರ್ಷವೂ ಇನ್ನಷ್ಟು ಉತ್ತರಕ್ಕೆ. ಬೆಳಿಗ್ಗೆ ಊರಿಗೆ ಊರೇ ದಕ್ಷಿಣಕ್ಕೆ ಹರಿಯಬೇಕು, ಸಂಜೆ ಉತ್ತರಕ್ಕೆ ಮರಳಬೇಕು. 1951ರಲ್ಲಿ ಸುಮಾರು 30 ಲಕ್ಷವಿದ್ದ ಜನಸಂಖ್ಯೆ 1961ರ ವೇಳೆಗೆ 41 ಲಕ್ಷವನ್ನು ದಾಟಿತು. ಹಾಗಿರುವಾಗ ರೈಲಿನ ಡಬ್ಬಿಗಳನ್ನು ಹೆಚ್ಚಿಸುವುದರಿಂದ ಏನಾಗಬೇಕು? ಊರಿನ ಆಕಾರವನ್ನೇ ಬದಲಿಸಬೇಕೆಂದು ಕೊರಿಯ, ವಾಸ್ತುಶಿಲ್ಪಿ ಪ್ರವೀಣಾ ಮೆಹತಾ ಹಾಗೂ ಎಂಜಿನಿಯರ್ ಶಿರೀಷ್ ಪಟೇಲ್ ಈ ಮೂವರು ಕೂಡಿ ಸೂಚಿಸಿದರು. ಬಂದರಿನಾಚೆಯ ಪೂರ್ವ ದಡದಲ್ಲಿ ಹೊಸ ನಗರವೊಂದನ್ನು ಕಟ್ಟಿ, ಕೆಲಸಗಳನ್ನು ಅಲ್ಲಿಗೆ ಸೆಳೆಯಬೇಕೆಂಬುದು ಅವರ ಸೂಚನೆ. ಮುಲ್ಕ್ ರಾಜ್ ಆನಂದರ ಸಂಪಾದಕತ್ವದ ‘ಮಾರ್ಗ್’ ಪತ್ರಿಕೆಯಲ್ಲಿ ಇದು 1965ರಲ್ಲಿ ಅಚ್ಚಾಯಿತು. ಯಾವ ಸರ್ಕಾರವೂ ಈ ಮೂವರನ್ನು ಕೇಳಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಕೇಳದೆ ಹೇಳುವವನನ್ನು ಲೋಕ ಅಧಿಕಪ್ರಸಂಗಿ ಎನ್ನುತ್ತದೆ. ಆದರೆ ಇಂಥ ಅಧಿಕಪ್ರಸಂಗಿಗಳು ಇಲ್ಲದ ಊರಿಗೆ ಗುತ್ತಿಗೆದಾರರೇ ಗತಿ.

ಗ್ರಂಥದ ತಿರುಳು ಆಕಾಶವನ್ನು ಕುರಿತ ಅಧ್ಯಾಯದಲ್ಲಿದೆ. ಬಿಸಿಲ ನಾಡಿನಲ್ಲಿ ಮನುಷ್ಯ ಬದುಕುವುದು ನಾಲ್ಕು ಗೋಡೆಗಳ ನಡುವೆ ಮಾತ್ರವಲ್ಲ. ಅಂಗಳದಲ್ಲಿ ಅಡುಗೆ, ಮಾಳಿಗೆಯ ಮೇಲೆ ನಿದ್ದೆ, ಜಗಲಿಯಲ್ಲಿ ನೆರೆಯವರೊಡನೆ ಮಾತು, ನಲ್ಲಿಯ ಬಳಿ ಕೇರಿಯ ಸಮಾಚಾರ, ಮೈದಾನದಲ್ಲಿ ಊರಿನ ಉತ್ಸವ. ಅಂಗಳ, ಹೊಸ್ತಿಲು, ನಲ್ಲಿಕಟ್ಟೆ, ಮೈದಾನ ಎಂಬ ಈ ನಾಲ್ಕು ಮೆಟ್ಟಿಲುಗಳ ಬಯಲು ಬಡವನ ಮನೆಯ ಕೋಣೆಗಳೇ ಎಂದು ಕೊರಿಯ ವಾದಿಸುತ್ತಾರೆ. ತೊಟ್ಟಿಯ ಮನೆಯಲ್ಲಿ ಬೆಳೆದ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ತೊಟ್ಟಿಯನ್ನು ನೆನೆದು ನಿಟ್ಟುಸಿರಿಡುವುದು ಬೇರೆ, ತಲೆಗೆ ಎಷ್ಟು ಚದರ ಮೀಟರು ತೊಟ್ಟಿ ಸಲ್ಲಬೇಕೆಂದು ಗುಣಿಸಿ ಕೊಡುವುದು ಬೇರೆ. ಕೊರಿಯ ಎರಡನೆಯದನ್ನು ಮಾಡುತ್ತಾರೆ.

ಮಹಡಿಯ ಮೇಲೆ ಮಹಡಿ ಏರಿಸಿದರೆ ನೆಲ ಉಳಿಯುತ್ತದೆಂಬ ನಂಬಿಕೆಯನ್ನು ಅವರು ಒರೆಗೆ ಹಚ್ಚುವ ಬಗೆಯೂ ಇದೇ. ನಗರದ ನೆಲದಲ್ಲಿ ಮನೆಗಳ ಪಾಲು ಸುಮಾರು ಮೂರರಲ್ಲಿ ಒಂದು. ಉಳಿದುದು ರಸ್ತೆ, ಶಾಲೆ, ಆಸ್ಪತ್ರೆ, ಆಟದ ಬಯಲು, ಕಾರ್ಖಾನೆಗಳಿಗೆ. ಮನೆಗಳನ್ನು ಇಮ್ಮಡಿ ಎತ್ತರಿಸಿದರೂ ಉಳಿಯುವುದು ಆ ಪಾಲಿನ ಅರ್ಧ, ಎಂದರೆ ಒಟ್ಟು ನೆಲದ ಆರನೆಯ ಒಂದು ಅಂಶ ಮಾತ್ರ. ಅಷ್ಟಕ್ಕಾಗಿ ಬಡವನು ಅಂಗಳವನ್ನು ಕಳೆದುಕೊಂಡು, ಉಕ್ಕು ಸಿಮೆಂಟು ಲಿಫ್ಟುಗಳ ವೆಚ್ಚವನ್ನು ತಲೆಯ ಮೇಲೆ ಹೊರಬೇಕು. ಒಂದೆರಡು ಅಂತಸ್ತಿನ ಮನೆಯನ್ನಾದರೆ ಊರ ಮೇಸ್ತ್ರಿಯೇ ಕಟ್ಟಿಯಾನು. ಕೈಯಲ್ಲಿ ಕಾಸು ಕೂಡಿದಂತೆ ಇನ್ನೊಂದು ಕೋಣೆಯನ್ನು ಸೇರಿಸಿಯಾನು. ಈ ವಾದವನ್ನು ಅವರು ನವಿ ಮುಂಬಯಿಯ ಬೇಲಾಪುರದಲ್ಲಿ ಕಟ್ಟಿಯೂ ತೋರಿಸಿದರು. 1980ರ ದಶಕದ ಆ ಬಡಾವಣೆಯಲ್ಲಿ ಏಳೇಳು ಮನೆಗಳಿಗೆ ಒಂದು ಅಂಗಳ. ಅಂಥ ಮೂರು ಗುಂಪುಗಳಿಗೆ ಇನ್ನೊಂದು ಬಯಲು. ಬಡವರ ನಿವೇಶನಕ್ಕೂ ಅನುಕೂಲಸ್ಥರ ನಿವೇಶನಕ್ಕೂ ಹೆಚ್ಚು ಅಂತರವಿಲ್ಲ: ಅತಿ ಚಿಕ್ಕದು 45 ಚದರ ಮೀಟರು, ಅತಿ ದೊಡ್ಡದು 75. ಮನೆಗಳಿಗೆ ಹಂಚಿಕೆಯ ಗೋಡೆಗಳಿಲ್ಲವಾದ್ದರಿಂದ ಬೆಳೆಸುವವನು ನೆರೆಯವನ ಅಪ್ಪಣೆಗೆ ಕಾಯಬೇಕಿಲ್ಲ. ಕಾಲಕ್ರಮದಲ್ಲಿ ಎಷ್ಟೋ ಮನೆಗಳು ಮೊದಲಿನ ರೂಪದ ಗುರುತು ಸಿಕ್ಕದಂತೆ ಬದಲಾದುವು. ಕರ್ತೃವಿನ ಗುರುತು ಅಳಿಸಿಹೋಗುವುದಕ್ಕೆ ಮೊದಲೇ ಎಡೆಮಾಡಿಟ್ಟ ಕೃತಿ ಅಪರೂಪದ್ದೆಂದು ಹೇಳಲೇಬೇಕು.

ಇಷ್ಟು ಮೆಚ್ಚಿದ ಮೇಲೆ ತಕರಾರನ್ನೂ ಹೇಳಬೇಕು. ಎತ್ತರದ ಕಟ್ಟಡವನ್ನು ಇಷ್ಟು ಸಮರ್ಥವಾಗಿ ಅಲ್ಲಗಳೆದವರೇ ಮುಂಬಯಿಯ ಕಂಬಾಲಾ ಗುಡ್ಡದ ಮೇಲೆ ಕಾಂಚನಜುಂಗಾ ಎಂಬ ಗೋಪುರವನ್ನು ನಿರ್ಮಿಸಿದರು. 1983ರಲ್ಲಿ ಮುಗಿದ ಅದರಲ್ಲಿ ಇರುವುದು 32 ಸಂಸಾರಗಳಿಗೆ ಎಡೆ. ಹಳೆಯ ಬಂಗಲೆಯ ವರಾಂಡವನ್ನು ಎರಡಂತಸ್ತಿನ ಎತ್ತರದ ತೋಟವಾಗಿ ಮಾರ್ಪಡಿಸಿ, ಕಡಲ ಗಾಳಿಯನ್ನು ಬರಮಾಡಿಕೊಂಡು, ಇಳಿಬಿಸಿಲನ್ನೂ ಮಳೆಯನ್ನೂ ತಡೆದ ಜಾಣ್ಮೆ ಅದರಲ್ಲಿದೆ. ಕಲೆಯ ದೃಷ್ಟಿಯಿಂದ ಅದು ಶ್ರೇಷ್ಠ ಕೃತಿಯೇ ಸರಿ. ಆದರೆ ಬೇಲಾಪುರದ ನ್ಯಾಯ ಗುಡ್ಡವನ್ನು ಏರಲಿಲ್ಲ. ಇದನ್ನು ಕಪಟವೆಂದು ಕರೆಯುವುದು ಅನ್ಯಾಯವಾದೀತು. ವಕೀಲ, ವೈದ್ಯ, ವಾಸ್ತುಶಿಲ್ಪಿ ಇವರೆಲ್ಲರ ವೃತ್ತಿಯೂ ಕರೆದವನ ಮನೆಗೆ ಹೋಗುವ ವೃತ್ತಿ. ಕರೆಯಬಲ್ಲವನು ಹೆಚ್ಚಾಗಿ ಹಣವುಳ್ಳವನು. ವೃತ್ತಿಯ ಈ ಬಂಧನವನ್ನು ಕುರಿತು ಲೇಖಕರು ತಮ್ಮ ಮೇಲೆಯೇ ಒಂದು ಅಧ್ಯಾಯವನ್ನು ಬರೆದಿದ್ದರೆ ಗ್ರಂಥದ ಬೆಲೆ ಇಮ್ಮಡಿಸುತ್ತಿತ್ತು.

ಇನ್ನೊಂದು ಕೊರತೆ ಇದಕ್ಕಿಂತ ಆಳವಾದದ್ದು. ಸರಿಯಾದ ಲೆಕ್ಕವನ್ನು ಮುಂದಿಟ್ಟರೆ ಆಳುವವರು ಒಪ್ಪುತ್ತಾರೆಂಬ ಭರವಸೆ ಲೇಖಕರಿಗಿದೆ. ಒಪ್ಪದಿದ್ದಾಗ ಅದನ್ನು ಅವರು ಸಂಕಲ್ಪದ ಅಭಾವವೆಂದು ಬಗೆಯುತ್ತಾರೆ. ಚರಿತ್ರೆ ಬೇರೆ ಮಾತು ಹೇಳುತ್ತದೆ. ಹೊಸ ನಗರದ ಕಲ್ಪನೆಯನ್ನು ಮಹಾರಾಷ್ಟ್ರ ಸರ್ಕಾರ ಒಪ್ಪಿ, 1970ರಲ್ಲಿ ಸಿಡ್ಕೊ ಸಂಸ್ಥೆಯನ್ನು ಸ್ಥಾಪಿಸಿತು. ಕೊರಿಯ ಅವರೇ ಮೊದಲ ವರ್ಷಗಳಲ್ಲಿ ಮುಖ್ಯ ವಾಸ್ತುಶಿಲ್ಪಿಗಳಾದರು. ಆದರೆ ಸರ್ಕಾರ ತನ್ನ ಸಚಿವಾಲಯವನ್ನು ಮಾತ್ರ ಬಂದರಿನಾಚೆಗೆ ಒಯ್ಯಲಿಲ್ಲ. ಒಂದು ಕಡೆ ಹೊಸ ನಗರಕ್ಕೆ ಅಡಿಗಲ್ಲು, ಇನ್ನೊಂದು ಕಡೆ ಹಳೆಯ ನಗರದ ದಕ್ಷಿಣ ತುದಿಯಲ್ಲಿ ಕಡಲನ್ನು ತುಂಬಿ ನಾರಿಮನ್ ಪಾಯಿಂಟಿನ ಕಚೇರಿಗಳು! ಮುಂಬಯಿಯಿಂದ ವಾಶಿಗೆ ರೈಲು ತಲಪಿದ್ದು 1992ರಲ್ಲಿ. 20 ಲಕ್ಷ ಜನರಿಗೆಂದು ಯೋಚಿಸಿದ ನಗರದಲ್ಲಿ, 2011ರ ಗಣತಿಯಂತೆ ನವಿ ಮುಂಬಯಿ ಮಹಾನಗರಪಾಲಿಕೆಯ ಎಲ್ಲೆಯೊಳಗೆ ಇದ್ದವರು 11 ಲಕ್ಷ ಚಿಲ್ಲರೆ. ಕಡಲ ಮೇಲಿನ ಅಟಲ್ ಸೇತು ತೆರೆದದ್ದು 2024ರಲ್ಲಿ. 1965ರ ಸೂಚನೆಗೆ ಆಗ ಐವತ್ತೊಂಬತ್ತು ವರ್ಷ.

ಗಿರಣಿಗಳ ಕಥೆಯೂ ಇಂಥದೇ. 1982ರ ಮಹಾ ಮುಷ್ಕರದ ನಂತರ ಮುಂಬಯಿಯ ಬಟ್ಟೆಗಿರಣಿಗಳು ಒಂದೊಂದಾಗಿ ಮುಚ್ಚತೊಡಗಿ, ನಡು ಊರಿನ ಸುಮಾರು 600 ಎಕರೆ ನೆಲದ ಭವಿಷ್ಯ ಪ್ರಶ್ನೆಯಾಯಿತು. 1991ರ ನಿಯಮ ಅದನ್ನು ಬಯಲಿಗೊಂದು, ಸಾರ್ವಜನಿಕ ವಸತಿಗೊಂದು, ಒಡೆಯನಿಗೊಂದು ಎಂದು ಮೂರು ಪಾಲು ಮಾಡಿತ್ತು. ಚೂರುಚೂರಾಗಿ ಹಂಚದೆ ಎಲ್ಲವನ್ನೂ ಒಟ್ಟಾಗಿ ಕಂಡು ಯೋಜಿಸಬೇಕೆಂದು ಕೊರಿಯ ಅಧ್ಯಕ್ಷತೆಯ ಸಮಿತಿ 1996ರಲ್ಲಿ ಹೇಳಿತು. 2001ರಲ್ಲಿ ನಿಯಮವೇ ಬದಲಾಯಿತು. ಕಟ್ಟಡವಿಲ್ಲದೆ ಖಾಲಿ ಉಳಿದ ನೆಲವನ್ನಷ್ಟೇ ಹಂಚಿದರೆ ಸಾಕೆಂದಾಯಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇಲ್ಲಿ ಸಂಕಲ್ಪದ ಅಭಾವವೆಲ್ಲಿ ಬಂತು? ಬೇಕಾದಷ್ಟು ಸಂಕಲ್ಪವಿತ್ತು, ಅದು ಬೇರೆಯವರದಾಗಿತ್ತು. ನೆಲದ ಬೆಲೆ ಏರುವುದರಿಂದ ಯಾರಿಗೆ ಲಾಭವೋ ಅವರಿಗೆ ಕೊರಿಯ ಅವರ ಗಣಿತ ತಿಳಿಯದೆ ಇರಲಿಲ್ಲ, ತಿಳಿದೇ ಬೇಡವೆಂದರು.

ಮೂರನೆಯ ಮಾತು ಬಂದರಿನಾಚೆಯ ದಡದಲ್ಲಿ ಮೊದಲೇ ಇದ್ದವರದು. ಹೊಸ ನಗರಕ್ಕೆ ಗೊತ್ತುಮಾಡಿದ 344 ಚದರ ಕಿಲೋಮೀಟರು ಬರಿಯ ಬಯಲಾಗಿರಲಿಲ್ಲ. ಅದರಲ್ಲಿ 95 ಹಳ್ಳಿಗಳಿದ್ದುವು, ಬತ್ತದ ಗದ್ದೆಗಳು, ಉಪ್ಪಿನ ಮಡಿಗಳು, ಮೀನುಗಾರರ ದೋಣಿಗಳಿದ್ದುವು. ಅಗ್ಗದ ಬೆಲೆಗೆ ನೆಲವನ್ನು ಕೊಂಡು, ರಸ್ತೆ ನೀರು ಒದಗಿಸಿ, ಏರಿದ ಬೆಲೆಗೆ ಮಾರಿ, ಆ ಲಾಭದಿಂದಲೇ ನಗರವನ್ನು ಕಟ್ಟುವುದು ಯೋಜನೆಯ ಆರ್ಥಿಕ ಸೂತ್ರ. ಏರಿದ ಬೆಲೆ ಸಮಾಜಕ್ಕೆ ಸೇರಬೇಕೆಂಬ ಅದರ ಆದರ್ಶ ದೊಡ್ಡದು. ಆದರೆ ಆ ಅಗ್ಗದ ಬೆಲೆಯನ್ನು ತೆತ್ತವರು ರೈತರು. 1984ರ ಜನವರಿಯಲ್ಲಿ ಉರಣದ ಕಡೆ ನ್ಯಾಯವಾದ ಪರಿಹಾರ ಕೇಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿ ಐವರು ಸತ್ತರು. ಅಭಿವೃದ್ಧಿಪಡಿಸಿದ ನೆಲದಲ್ಲಿ ನೂರಕ್ಕೆ ಹನ್ನೆರಡೂವರೆ ಪಾಲನ್ನು ರೈತರಿಗೆ ಹಿಂದಿರುಗಿಸುವ ಏರ್ಪಾಡು ಬಂದದ್ದು ಆ ಮೇಲೆ. ಗ್ರಂಥ ಅಚ್ಚಾದದ್ದು ಆ ಘಟನೆಯ ಮರುವರ್ಷ. ನಗರಕ್ಕೆ ಬರುವವನನ್ನು ಇಷ್ಟು ಕರುಣೆಯಿಂದ ಎಣಿಸಿದ ಲೇಖನಿ, ನಗರವೇ ತನ್ನ ಮೇಲೆ ಬಂದೆರಗಿದವನನ್ನು ತನ್ನ ವಿಚಾರದ ನಡುವೆ ಕೂರಿಸಿಕೊಳ್ಳಲಿಲ್ಲ. ಎತ್ತರದಿಂದ ನಕ್ಷೆಯನ್ನು ನೋಡುವ ಕಣ್ಣಿಗೆ ಹಳ್ಳಿ ‘ಭೂಮಿ’ಯಾಗಿ ಕಾಣುವ ಅಪಾಯ ಸದಾ ಉಂಟು.

ಈ ಕೊರತೆಯನ್ನು ತುಂಬಬಲ್ಲದ್ದು ಸಾಹಿತ್ಯ. ಕನ್ನಡಿಗರಿಗೆ ಮುಂಬಯಿ ಹೆಚ್ಚಾಗಿ ಪರಿಚಿತವಾದದ್ದು ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿ ಇವರ ಕಥನದಿಂದ. ಇವರಿಬ್ಬರೂ ವಿಜ್ಞಾನ ತಂತ್ರಜ್ಞಾನಗಳನ್ನು ಓದಿ, ಆ ನಗರದಲ್ಲಿ ಉದ್ಯೋಗ ಮಾಡಿದವರೆಂಬುದು ಸ್ವಾರಸ್ಯದ ಸಂಗತಿ. 1979ರ ‘ಶಿಕಾರಿ’ಯ ಕರ್ತೃ ಒಬ್ಬನೇ ಮನುಷ್ಯನ ಭಯದೊಳಕ್ಕೆ ಇಳಿದು ನಗರವನ್ನು ಕಂಡರು, ಕೊರಿಯ ಲಕ್ಷಗಟ್ಟಲೆ ಜನರ ಲೆಕ್ಕದಲ್ಲಿ ಕಂಡರು. ಒಂದರಲ್ಲಿ ಮುಖವಿದೆ, ಇನ್ನೊಂದರಲ್ಲಿ ಸಂಖ್ಯೆಯಿದೆ. ಎರಡನ್ನೂ ಓದಿದವನು ಮಾತ್ರ ನಗರವನ್ನು ಪೂರ್ತಿಯಾಗಿ ಓದಿದವನು.

ಕೊರಿಯ ನಮಗೆ ಅಪರಿಚಿತರೇನಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ಕೇಂದ್ರದ ಗೋಪುರಗಳೂ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಅವರ ರಚನೆಗಳೇ. ಆದರೆ ಅವರಿಂದ ನಾವು ಪಡೆಯಬೇಕಾದದ್ದು ಕಟ್ಟಡಗಳಿಗಿಂತ ಹೆಚ್ಚಿನದು. ಬೆಂಗಳೂರಿನ ಸುತ್ತ ಉಪನಗರಗಳ ಮಾತು ಮತ್ತೆ ಮತ್ತೆ ಏಳುತ್ತಿದೆ. ಹುಬ್ಬಳ್ಳಿ, ಮೈಸೂರು, ಮಂಗಳೂರುಗಳು ಬೆಳೆಯುತ್ತಿವೆ. ಈ ಊರುಗಳಲ್ಲಿಯೂ ಎಂಜಿನಿಯರು, ವೈದ್ಯರು, ವಕೀಲರು, ಅಧ್ಯಾಪಕರು ಬೇಕಾದಷ್ಟಿದ್ದಾರೆ. ತಮ್ಮ ಊರನ್ನು ಪ್ರೀತಿಸುವುದಾಗಿ ಎಲ್ಲರೂ ಹೇಳುತ್ತಾರೆ. ತಾನು ಬಲ್ಲ ವಿದ್ಯೆಯಿಂದ ಊರಿನ ಒಂದು ಪ್ರಶ್ನೆಯನ್ನಾದರೂ ಲೆಕ್ಕಹಾಕಿ, ಯಾರೂ ಕೇಳದಿದ್ದರೂ ಜನರ ಮುಂದಿಟ್ಟವರೆಷ್ಟು ಮಂದಿ? ಕನ್ನಡದಲ್ಲಿ ಬರೆದವರೆಷ್ಟು ಮಂದಿ? ಕೊರಿಯ ಅವರ ಗ್ರಂಥ ಕನ್ನಡಿಗರಿಗೆ ಹಾಕುವ ಸವಾಲು ಇದು. ಅವರ ಭರವಸೆ ಅತಿಯಾಯಿತೆಂದು ನಾವು ಹೇಳಬಹುದು. ಹಳ್ಳಿಯವನನ್ನು ಮೊದಲು ಕೇಳಬೇಕಿತ್ತೆಂದೂ ಹೇಳಬೇಕು. ಆದರೆ ಆ ತಿದ್ದುಪಡಿಗಳನ್ನು ಮಾಡುವ ಹಕ್ಕು ಅವರಷ್ಟೇ ಶ್ರಮಪಟ್ಟು ತನ್ನ ಊರಿನ ಲೆಕ್ಕವನ್ನು ಬರೆದವನಿಗೆ ಮೊದಲು ಸಲ್ಲುತ್ತದೆ. ಅಂಥ ಒಂದು ಪುಸ್ತಕ ಕನ್ನಡದಲ್ಲಿ ಬರಲಿ. ಅದರಲ್ಲಿ ಬಂದಿಳಿಯುವವನಿಗೂ, ನೆಲ ಬಿಟ್ಟುಕೊಡಬೇಕಾದವನಿಗೂ ಒಂದೊಂದು ಅಧ್ಯಾಯ ಮೀಸಲಾಗಿರಲಿ.